ಒಂದೇ ಇಂಜೆಕ್ಷನ್‌ನಲ್ಲಿ ಎಲ್ಲ ಸ್ಕ್ಯಾನ್: ನ್ಯಾನೋ ಕಣದಿಂದ ಇದು ಆಗುತ್ತಾ?

ತುಮಕೂರಿನವ:

ಎಲ್ಲರಿಗೂ ನಮಸ್ಕಾರ. ನಮ್ಮ ದೊಡ್ಡಮ್ಮನಿಗೆ ಎಡ ಸ್ತನದಲ್ಲಿ ಗಂಟು ಕಾಣಿಸಿತ್ತು. ಮ್ಯಾಮೋಗ್ರಾಂ, ಅಲ್ಟ್ರಾಸೌಂಡ್, ಬಯಾಪ್ಸಿ ಎಲ್ಲ ಆಗಿ ಕ್ಯಾನ್ಸರ್ ಅಂತ ಖಚಿತವಾಯಿತು. ಆಮೇಲೆ ಬೆಂಗಳೂರಿಗೆ ಕರೆದುಕೊಂಡು ಹೋಗಿ ಪೆಟ್ ಸಿಟಿ ಮಾಡಿಸಿದೆವು. ಎದೆಯ ಮಧ್ಯದ ಲಿಂಫ್ ನೋಡ್‌ಗಳು (ದುಗ್ಧಗ್ರಂಥಿಗಳು) ಹೊಳೆಯುತ್ತಿವೆ, ಅದು ಟಿಬಿಯಿಂದಲೂ ಇರಬಹುದು ಅಂತ ರಿಪೋರ್ಟ್‌ನಲ್ಲಿ ಬರೆದಿದ್ದಾರೆ. ಲಿವರ್‌ನಲ್ಲಿ 8 ಮಿಲಿಮೀಟರ್‌ನ ಒಂದು ಚುಕ್ಕೆಯೂ ಇದೆ. ಅದು ಏನು ಅಂತ ಪೆಟ್‌ನಲ್ಲಿ ಗೊತ್ತಾಗುವುದಿಲ್ಲವಂತೆ. ಈಗ ಲಿವರ್‌ಗೆ ಎಂಆರ್‌ಐ ಮಾಡಿಸಿ ಅಂದಿದ್ದಾರೆ. ಮತ್ತೆ ಉಪವಾಸ, ಮತ್ತೆ ಇಂಜೆಕ್ಷನ್, ಮತ್ತೆ ದುಡ್ಡು. ದೊಡ್ಡಮ್ಮ ಅಂತೂ ಸಾಕು ಬಿಡಪ್ಪ ಅಂತಿದ್ದಾರೆ.

ನಾನು ಕೇಳಬೇಕಾಗಿದ್ದು ಬೇರೆ. ಐಐಎಸ್‌ಸಿಯವರು ಚಿನ್ನ ಮತ್ತು ಕಾಪರ್ ಸಲ್ಫೈಡ್ ಸೇರಿಸಿ ನ್ಯಾನೋ ಕಣ ಮಾಡಿದ್ದಾರೆ, ಅದರಿಂದ ಕ್ಯಾನ್ಸರ್ ಪತ್ತೆಯೂ ಆಗುತ್ತದೆ, ಚಿಕಿತ್ಸೆಯೂ ಆಗುತ್ತದೆ ಅಂತ 2023ರಲ್ಲಿ ಸುದ್ದಿ ಬಂದಿತ್ತು. ಹುಡುಕಿದರೆ ಪೆಟ್, ಎಂಆರ್‌ಐ, ಬೆಳಕು ಎಲ್ಲದರಲ್ಲೂ ಕಾಣುವ ಕಣಗಳ ಬಗ್ಗೆ ರಾಶಿ ರಾಶಿ ಲೇಖನ ಸಿಗುತ್ತವೆ. ಹಾಗಿದ್ದರೆ ಒಂದು ಸಲ ಇಂಜೆಕ್ಷನ್ ಕೊಟ್ಟು ಎಲ್ಲ ಸ್ಕ್ಯಾನ್ ಮುಗಿಸಲು ಯಾಕೆ ಆಗುತ್ತಿಲ್ಲ? ನಮ್ಮ ಡಾಕ್ಟರ್ ಹತ್ತಿರ ಕೇಳಬಹುದಾ? ನಮ್ಮ ಫ್ಯಾಮಿಲಿ ಗ್ರೂಪ್‌ನಲ್ಲಿ ಒಬ್ಬರು ‘ನ್ಯಾನೋ ಡಿಟೆಕ್ಷನ್’ ಅಂತ ಒಂದು ಕ್ಲಿನಿಕ್‌ನ ಜಾಹೀರಾತು ಬೇರೆ ಹಾಕಿದ್ದಾರೆ.

ಕಡೂರು ಕಾಫಿ:

ನಾಲ್ಕು ಸ್ಕ್ಯಾನ್ ಮಾಡುವ ಜಾಗದಲ್ಲಿ ಒಂದೇ ಮಾಡಿದರೆ ಸೆಂಟರ್‌ನವರು ಬಾಡಿಗೆ ಕಟ್ಟುವುದು ಹೇಗೆ ಸ್ವಾಮಿ? ಅದಕ್ಕೇ ಬಂದಿಲ್ಲ.

ಸೀಸದ ಡಬ್ಬಿ:

ಕಾಫಿ ಅವರೇ, ದುಡ್ಡಿನ ಮಾತು ಪೂರ್ತಿ ತಳ್ಳಿಹಾಕುವುದಿಲ್ಲ. ಆದರೆ ಇಲ್ಲಿ ಅಡ್ಡ ನಿಂತಿರುವುದು ಅದಲ್ಲ.

ನಾನು ನ್ಯೂಕ್ಲಿಯರ್ ಮೆಡಿಸಿನ್ ಟೆಕ್ನಾಲಜಿಸ್ಟ್. ಪೆಟ್ ಸಿಟಿ ವಿಭಾಗದಲ್ಲಿ ಕೆಲಸ. ಹೆಸರು ನೋಡಿ ಸೀಸದ ಏಪ್ರನ್ ಹಾಕಿಕೊಂಡು ಓಡಾಡುತ್ತೀರಾ ಅಂತ ಕೇಳಬೇಡಿ. ಪೆಟ್‌ನ ಗಾಮಾ ಕಿರಣ 511 ಕಿಲೋ ಎಲೆಕ್ಟ್ರಾನ್ ವೋಲ್ಟ್‌ನದು. ಎಕ್ಸ್‌ರೇ ರೂಮಿನ ಏಪ್ರನ್ ಅದರ ಮುಂದೆ ಲೆಕ್ಕಕ್ಕೇ ಇಲ್ಲ. ದೂರ ನಿಲ್ಲುವುದು, ಬೇಗ ಕೆಲಸ ಮುಗಿಸುವುದು, ಮದ್ದನ್ನು ದಪ್ಪ ಸೀಸದ ಡಬ್ಬಿಯಲ್ಲಿ ಇಡುವುದು, ಇಷ್ಟೇ ನಮ್ಮ ರಕ್ಷಣೆ.

ಮೊದಲು ನಿಮ್ಮ ದೊಡ್ಡಮ್ಮನ ವಿಷಯ. ಅವರಿಗೆ ಕೊಟ್ಟಿದ್ದು ಎಫ್‌ಡಿಜಿ. ಸಕ್ಕರೆಯನ್ನೇ ಹೋಲುವ ಅಣು, ಅದಕ್ಕೆ ಫ್ಲೋರಿನ್-18 ಅಂಟಿರುತ್ತದೆ. ಪ್ರತಿ 110 ನಿಮಿಷಕ್ಕೆ ಅದರ ವಿಕಿರಣ ಅರ್ಧ ಆಗುತ್ತದೆ. ಬೆಳಗ್ಗೆ ಈ ಫ್ಲೋರಿನ್ ತಯಾರಿಸುವ ಸೈಕ್ಲೋಟ್ರಾನ್ ಯಂತ್ರದ ಕಡೆಯಿಂದ ಹೊರಟ ಗಾಡಿ ಸಿಲ್ಕ್ ಬೋರ್ಡ್‌ನಲ್ಲಿ ಸಿಕ್ಕಿಹಾಕಿಕೊಂಡರೆ ನಮ್ಮ ಪಟ್ಟಿಯ ಕೊನೆಯ ಪೇಷೆಂಟ್‌ಗೆ ಡೋಸ್ ಸಾಲುವುದಿಲ್ಲ. ಕ್ಯಾನ್ಸರ್ ಕೋಶ ಸಕ್ಕರೆ ಜಾಸ್ತಿ ಎಳೆದುಕೊಳ್ಳುತ್ತದೆ, ಅದಕ್ಕೇ ಹೊಳೆಯುತ್ತದೆ. ಟಿಬಿ ವಿರುದ್ಧ ಹೋರಾಡುವ ಕೋಶಗಳೂ ಸಕ್ಕರೆ ಎಳೆಯುತ್ತವೆ. ಅವೂ ಹೊಳೆಯುತ್ತವೆ. ನಮ್ಮ ದೇಶದಲ್ಲಿ ಎದೆಯ ನೋಡ್ ಹೊಳೆದರೆ ಯಾವ ಡಾಕ್ಟರೂ ಕಣ್ಣು ಮುಚ್ಚಿ ಕ್ಯಾನ್ಸರ್ ಅಂತ ಬರೆಯುವುದಿಲ್ಲ.

ಇನ್ನು ಲಿವರ್. ಅದು ತಾನೇ ಒಂದಿಷ್ಟು ಎಫ್‌ಡಿಜಿ ಎಳೆದುಕೊಂಡು ಮಂದವಾಗಿ ಬೆಳಗುತ್ತಿರುತ್ತದೆ. ಉಸಿರಾಡಿದ ಹಾಗೆಲ್ಲ ಮೇಲೆ ಕೆಳಗೆ ಸರಿಯುತ್ತದೆ. ಪೆಟ್‌ನಲ್ಲಿ ಒಂದು ಬಿಂದುವಿನ ಮಸುಕೇ 4-5 ಮಿಲಿಮೀಟರ್. ಅಂಥ ಕಡೆ 8 ಮಿಲಿಮೀಟರ್‌ನ ಚುಕ್ಕೆಯ ಬಗ್ಗೆ ನಾನಂತೂ ಆಣೆ ಇಡುವುದಿಲ್ಲ. ಎಂಆರ್‌ಐ ಬೇರೆ ಪ್ರಶ್ನೆಗೆ ಉತ್ತರ ಕೊಡುತ್ತದೆ. ಆ ಜಾಗದಲ್ಲಿ ನೀರು ಎಷ್ಟಿದೆ, ರಕ್ತ ಹೇಗೆ ಬಂದು ಹೋಗುತ್ತದೆ, ಅದು ಬರೀ ನೀರಿನ ಗುಳ್ಳೆಯೋ, ರಕ್ತನಾಳದ ಗಂಟೋ, ಕ್ಯಾನ್ಸರೋ. ಅವರು ಸುಮ್ನೆ ಬರೆದಿಲ್ಲ. ಮಾಡಿಸಿ.

ಎರಡು ಸ್ಕ್ಯಾನ್ ಸೇರಿಸುವ ಕೆಲಸ ನ್ಯಾನೋ ಕಣ ಇಲ್ಲದೆಯೇ ಆಗಿದೆ ಅನ್ನುವುದನ್ನು ಮರೆಯಬೇಡಿ. ಪೆಟ್ ಮತ್ತು ಸಿಟಿ ಮೊದಲು ಬೇರೆ ಬೇರೆ ಯಂತ್ರ. ಎರಡು ಫಿಲ್ಮ್ ಪಕ್ಕಪಕ್ಕ ಹಿಡಿದು ಅಂದಾಜು ಮಾಡಬೇಕಿತ್ತು. ಡೇವಿಡ್ ಟೌನ್ಸೆಂಡ್ ಮತ್ತು ರೊನಾಲ್ಡ್ ನಟ್ ಅವನ್ನು ಒಂದೇ ಚೌಕಟ್ಟಿನಲ್ಲಿ ಕೂರಿಸಿದರು. 1998ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಮೊದಲ ಯಂತ್ರ ಕೆಲಸ ಶುರು ಮಾಡಿತು, 2001ರಲ್ಲಿ ಮಾರಾಟಕ್ಕೆ ಬಂತು. ಕೆಲವೇ ವರ್ಷಗಳಲ್ಲಿ ಬರೀ ಪೆಟ್ ಯಂತ್ರ ಕೊಳ್ಳುವವರೇ ಇಲ್ಲವಾದರು. ಈಗ ಪೆಟ್-ಎಂಆರ್‌ಐ ಕೂಡ ಇದೆ. ಒಂದೇ ಮಂಚ, ಎರಡು ಚಿತ್ರ. ಇಲ್ಲಿ ಒಂದಾಗಿದ್ದು ಯಂತ್ರಗಳು. ಮದ್ದು ಮಾತ್ರ ಬೇರೆ ಬೇರೆಯೇ ಉಳಿಯಿತು.

ಮದ್ದನ್ನೂ ಒಂದು ಮಾಡೋಣ ಅನ್ನುವುದು ನ್ಯಾನೋ ಕಣದ ಆಸೆ. ಒಂದು ಪುಟ್ಟ ಕಣ. ಒಳಗೆ ಕಬ್ಬಿಣದ ಆಕ್ಸೈಡ್ ಇದ್ದರೆ ಎಂಆರ್‌ಐಗೆ ಕಾಣುತ್ತದೆ. ಮೈಮೇಲೆ ವಿಕಿರಣ ಸೂಸುವ ಪರಮಾಣು ಅಂಟಿಸಿದರೆ ಪೆಟ್‌ಗೆ ಕಾಣುತ್ತದೆ. ಹೊಳೆಯುವ ಬಣ್ಣ ಸೇರಿಸಿದರೆ ಆಪರೇಷನ್ ಟೇಬಲ್ ಮೇಲೆ ಕ್ಯಾಮೆರಾಗೆ ಕಾಣುತ್ತದೆ. ಕ್ಯಾನ್ಸರ್ ಕೋಶವನ್ನು ಹುಡುಕಿ ಹಿಡಿಯುವ ಒಂದು ಕೊಕ್ಕೆಯನ್ನೂ ಜೋಡಿಸಬಹುದು. ಕಾಗದದ ಮೇಲೆ ಬಹಳ ಚೆಂದ.

ತೊಡಕು ಅಳತೆಯಲ್ಲಿದೆ. ಪೆಟ್‌ಗೆ ಮೈಕ್ರೋಗ್ರಾಂ ಲೆಕ್ಕದ ಮದ್ದು ಸಾಕು, ಅದಕ್ಕಿಂತ ಕಡಿಮೆಯೂ ನಡೆಯುತ್ತದೆ. ಎಂಆರ್‌ಐಗೆ ಕೊಡುವ ಗ್ಯಾಡೋಲಿನಿಯಂ ನೋಡಿ. 60 ಕೆಜಿ ತೂಕದವರಿಗೆ ಸಾಮಾನ್ಯ ಡೋಸ್ 6 ಮಿಲಿಮೋಲ್. ಅದರಲ್ಲಿ ಲೋಹವೇ ಹತ್ತಿರ ಹತ್ತಿರ 1 ಗ್ರಾಂ. ಹುಳಿಗೆ ಇಂಗು ಚಿಟಿಕೆ, ಬೇಳೆ ಪಾವು. ಎರಡನ್ನೂ ಒಂದೇ ಉಂಡೆ ಮಾಡಿ ಹಾಕಿ ಅಂದರೆ ಒಂದೋ ಬೇಳೆ ಸಾಲದು, ಇಲ್ಲ ಇಂಗು ವಿಪರೀತ. ಪೆಟ್‌ಗೆ ಸಾಕಾಗುವಷ್ಟು ಕಣ ಕೊಟ್ಟರೆ ಎಂಆರ್‌ಐಗೆ ಏನೂ ಕಾಣುವುದಿಲ್ಲ. ಎಂಆರ್‌ಐಗೆ ಬೇಕಾದಷ್ಟು ಕೊಡಬೇಕಾದರೆ ಕೆಲವು ಕಣಕ್ಕೆ ಮಾತ್ರ ವಿಕಿರಣ ಅಂಟಿಸಿ ಉಳಿದವನ್ನು ಖಾಲಿ ಬಿಡಬೇಕು. ಆಗ ಒಂದೇ ಕಣ ಅನ್ನುವ ಮಾತಿಗೆ ಏನು ಅರ್ಥ?

ಕಾಲದ ಅಳತೆಯೂ ಹೊಂದುವುದಿಲ್ಲ. ರಕ್ತದಲ್ಲಿ ಗಂಟೆಗಟ್ಟಲೆ ಸುತ್ತಿ ಗಡ್ಡೆಗೆ ಸೇರುವ ಕಣಕ್ಕೆ 110 ನಿಮಿಷದ ಫ್ಲೋರಿನ್ ಪ್ರಯೋಜನವಿಲ್ಲ. ಕಣ ಗಡ್ಡೆ ತಲುಪುವ ಹೊತ್ತಿಗೆ ಬೆಳಕು ಆರಿರುತ್ತದೆ. ಅದಕ್ಕೇ ಸುಮಾರು ನಾಲ್ಕು ದಿನದ ಅರ್ಧಾಯುಷ್ಯದ ಅಯೋಡಿನ್-124ರಂಥದ್ದು ಬೇಕು. ಹಾಗೆ ಮಾಡಿದರೆ ಪೇಷೆಂಟ್ ಮೈಯಲ್ಲಿ ವಿಕಿರಣವೂ ಅಷ್ಟು ದಿನ ಇರುತ್ತದೆ.

ಎಲ್ಲಕ್ಕಿಂತ ದೊಡ್ಡ ತಲೆನೋವು ಲಿವರ್. ರಕ್ತಕ್ಕೆ ಬಿಟ್ಟ ಕಣವನ್ನು ಅಲ್ಲಿರುವ ಕುಪ್ಫರ್ ಕೋಶಗಳು ಕಸ ಅಂತಲೇ ತಿಳಿದು ನುಂಗುತ್ತವೆ. ತುಂಬ ಸಣ್ಣದಾಗಿದ್ದರೆ, ಸುಮಾರು 5.5 ನ್ಯಾನೋಮೀಟರ್‌ಗಿಂತ ಚಿಕ್ಕದಿದ್ದರೆ (ಕಣದ ವಸ್ತು ನೋಡಿಕೊಂಡು ಇದು ಸ್ವಲ್ಪ ಹೆಚ್ಚುಕಡಿಮೆ), ಕಿಡ್ನಿ ಸೋಸಿ ಮೂತ್ರದಲ್ಲಿ ಕಳಿಸುತ್ತದೆ. ದೊಡ್ಡದಾದರೆ ಲಿವರ್ ಮತ್ತು ಸ್ಪ್ಲೀನ್ ಪಾಲು.

ತಮಾಷೆ ಅಂದರೆ ಈ ತಲೆನೋವನ್ನೇ ಒಂದು ಕಾಲದಲ್ಲಿ ಮದ್ದು ಮಾಡಿ ಮಾರಿದ್ದರು. ಫೆರಿಡೆಕ್ಸ್ ಅಂತ, ಕಬ್ಬಿಣದ ಆಕ್ಸೈಡ್ ಕಣ. 1996ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಆರೋಗ್ಯವಂತ ಲಿವರ್ ಕಣ ನುಂಗಿ ಎಂಆರ್‌ಐನಲ್ಲಿ ಕಪ್ಪಾಗುತ್ತದೆ. ಗಡ್ಡೆಯಲ್ಲಿ ಕುಪ್ಫರ್ ಕೋಶ ಇರುವುದಿಲ್ಲ, ಅದು ಬೆಳ್ಳಗೆ ಉಳಿಯುತ್ತದೆ. ನಿಮ್ಮ ದೊಡ್ಡಮ್ಮನ ಚುಕ್ಕೆಗೆ ಹೇಳಿ ಮಾಡಿಸಿದ ಹಾಗಿತ್ತು, ಅಲ್ವಾ? 2008ರಲ್ಲಿ ಕಂಪನಿ ತಯಾರಿಕೆ ನಿಲ್ಲಿಸಿತು. ಗ್ಯಾಡೋಲಿನಿಯಂ ಮದ್ದುಗಳೇ ಆ ಕೆಲಸ ಮಾಡುತ್ತಿದ್ದವು, ಇದನ್ನು ಕೇಳುವವರು ಕಡಿಮೆಯಾದರು.

ತುಮಕೂರಿನವ:

ಮೇಡಂ, ತುಂಬಾ ಧನ್ಯವಾದ. ಎಂಆರ್‌ಐ ಯಾಕೆ ಅಂತ ಈಗ ಅರ್ಥವಾಯಿತು. ಇಷ್ಟು ಬಿಡಿಸಿ ನಮಗೆ ಯಾರೂ ಹೇಳಿರಲಿಲ್ಲ. ಆದರೂ ಒಂದು ಅನುಮಾನ. ಹಾಗಾದರೆ ಮನುಷ್ಯರಿಗೆ ಇಂಥ ಎರಡು ಕೆಲಸದ ಕಣ ಕೊಟ್ಟೇ ಇಲ್ಲವಾ? ಐಐಎಸ್‌ಸಿಯದು ಏನಾಯಿತು?

ಕಡೂರು ಕಾಫಿ:

ಇಲಿಗೆ ಕ್ಯಾನ್ಸರ್ ಬಂದರೆ ಇವತ್ತು ಯಾವ ಭಯವೂ ಇಲ್ಲ. ಪ್ರತಿ ವಾರ ಒಂದು ಮದ್ದು ಕಂಡುಹಿಡಿಯುತ್ತಾರೆ.

ಬೀಕರ್ ಮೇಷ್ಟ್ರು:

ಇಲಿಯ ಮಾತು ಬಂದಿದ್ದರಿಂದ ಬಾಯಿ ಹಾಕುತ್ತಿದ್ದೇನೆ. ನಾನು ಕೆಮಿಸ್ಟ್ರಿ ಪಾಠ ಮಾಡುವವನು, ಪಿಎಚ್‌ಡಿ ಕಬ್ಬಿಣದ ಆಕ್ಸೈಡ್ ಕಣಗಳ ಮೇಲೆ.

ಐಐಎಸ್‌ಸಿಯ ಕಣ 8 ನ್ಯಾನೋಮೀಟರ್‌ಗಿಂತ ಚಿಕ್ಕದು. ಬೆಳಕು ಬಿದ್ದರೆ ಬಿಸಿಯಾಗುತ್ತದೆ. ಆ ಬಿಸಿಯಿಂದ ಕ್ಯಾನ್ಸರ್ ಕೋಶ ಸಾಯಬಹುದು, ಜೊತೆಗೆ ಸಣ್ಣ ಶಬ್ದದ ಅಲೆಯೂ ಹೊರಡುತ್ತದೆ. ಅದನ್ನು ಅಲ್ಟ್ರಾಸೌಂಡ್ ಯಂತ್ರದ ಹಾಗೆ ಕೇಳಿಸಿಕೊಂಡು ಚಿತ್ರ ಮಾಡಬಹುದು. ಬೆಳಕು ಮೈಯೊಳಗೆ ಚದುರಿಹೋಗುತ್ತದೆ, ಶಬ್ದ ಅಷ್ಟು ಚದುರುವುದಿಲ್ಲ. ಉಪಾಯ ಅಲ್ಲಿದೆ. ಆದರೆ ಸುದ್ದಿ ಬಂದಾಗ ಅವರು ಪರೀಕ್ಷೆ ಮಾಡಿದ್ದು ಲ್ಯಾಬ್‌ನಲ್ಲಿ ಬೆಳೆಸಿದ ಶ್ವಾಸಕೋಶ ಮತ್ತು ಗರ್ಭಕೊರಳಿನ ಕ್ಯಾನ್ಸರ್ ಕೋಶಗಳ ಮೇಲೆ. ಇಲಿ ಕೂಡ ಅಲ್ಲ. ಮೇಲಾಗಿ ಚರ್ಮದಿಂದ ಕೆಲವು ಸೆಂಟಿಮೀಟರ್ ಆಳದವರೆಗೆ ಮಾತ್ರ ಬೆಳಕು ಹೋಗುತ್ತದೆ. ಸ್ತನಕ್ಕೆ ಆಗಬಹುದು, ಲಿವರ್‌ನ ಒಳಗಿನ ಚುಕ್ಕೆಗೆ ಕಷ್ಟ.

ನಮ್ಮ ಪಕ್ಕದಲ್ಲೇ, ಕೊಚ್ಚಿಯ ಅಮೃತಾ ಸಂಸ್ಥೆಯಲ್ಲಿ, ಕ್ಯಾಲ್ಸಿಯಂ ಫಾಸ್ಫೇಟ್ ಕಣ ಮಾಡಿದ್ದಾರೆ. ನಮ್ಮ ಮೂಳೆಯ ವಸ್ತುವೇ ಅದು. ಅದರೊಳಗೆ ಎಂಆರ್‌ಐಗೆ ಗ್ಯಾಡೋಲಿನಿಯಂ, ಗಾಮಾ ಕ್ಯಾಮೆರಾಗೆ ಗಾಮಾ ಕಿರಣ ಸೂಸುವ ಟೆಕ್ನೀಷಿಯಂ, ಬೆಳಕಿಗೆ ಐಸಿಜಿ ಅನ್ನುವ ಹೊಳೆಯುವ ಬಣ್ಣ, ಮೂರೂ. ವಿಷವಲ್ಲದ, ಮೈಯಲ್ಲಿ ಕರಗುವ ವಸ್ತು ಆರಿಸಿದ್ದು ನನಗೆ ಬಹಳ ಇಷ್ಟವಾದ ಸಂಗತಿ.

ಇನ್ನೊಂದು, 2012ರಲ್ಲಿ ಸ್ಟ್ಯಾನ್‌ಫರ್ಡ್‌ನದು. ಮೊರಿಟ್ಜ್ ಕಿರ್ಷರ್ ಮತ್ತು ನಮ್ಮ ಅಂಬಾಲಾದಲ್ಲಿ ಹುಟ್ಟಿದ ಸಂಜೀವ್ ಗಂಭೀರ್ ಅವರ ತಂಡ. ಮಧ್ಯೆ ಚಿನ್ನ, ಸುತ್ತ ಸಿಲಿಕಾ, ಮೇಲೆ ಗ್ಯಾಡೋಲಿನಿಯಂ. ಮೆದುಳಿನ ಗಡ್ಡೆ ಇರುವ ಇಲಿಗೆ ಕೊಟ್ಟರು. ಮೊದಲು ಎಂಆರ್‌ಐನಲ್ಲಿ ಗಡ್ಡೆ ಎಲ್ಲಿದೆ ನೋಡಿದರು. ಆಮೇಲೆ ಬೆಳಕು-ಶಬ್ದದ ವಿಧಾನದಿಂದ ತಲೆಬುರುಡೆ ತೆಗೆಯದೆ ಗುರುತಿಸಿದರು. ಕತ್ತರಿಸಿ ತೆಗೆದ ಮೇಲೆ ಅಂಚಿನಲ್ಲಿ ಕ್ಯಾನ್ಸರ್ ಉಳಿದಿದೆಯಾ ಅಂತ ರಾಮನ್ ಬೆಳಕಿನಲ್ಲಿ ಹುಡುಕಿದರು. ಹೌದು, ನಮ್ಮ ಸಿ. ವಿ. ರಾಮನ್ ಅವರದೇ ಪರಿಣಾಮ. ಮೂರು ವಿಧಾನ, ಒಂದೇ ಕಣ. ನನ್ನ ಪ್ರಕಾರ ಮುಂದಿನ ದಾರಿ ಇದೇ.

ಇಲಿಯಲ್ಲಿ ಯಾಕೆ ಇಷ್ಟು ಚೆನ್ನಾಗಿ ಆಗುತ್ತದೆ ಅಂದರೆ, ಅದಕ್ಕೆ ನಾವು ಹಾಕುವ ಗಡ್ಡೆ ದಡದಡ ಬೆಳೆಯುತ್ತದೆ. ಅದರ ರಕ್ತನಾಳ ಸೋರುತ್ತಿರುತ್ತದೆ, ಕಣ ಸಲೀಸಾಗಿ ಒಳಗೆ ಇಳಿಯುತ್ತದೆ. ಜಪಾನಿನ ಮತ್ಸುಮುರ ಮತ್ತು ಮಾಯೆದ 1986ರಲ್ಲಿ ಇದನ್ನು ತೋರಿಸಿದ ಮೇಲೆ ಇಡೀ ಕ್ಷೇತ್ರವೇ ಅದರ ಮೇಲೆ ನಿಂತಿತು. ಮನುಷ್ಯರ ಗಡ್ಡೆ ಒಂದರ ಹಾಗೆ ಇನ್ನೊಂದಿಲ್ಲ. 2016ರಲ್ಲಿ ಟೊರೊಂಟೊದ ವಾರೆನ್ ಚಾನ್ ತಂಡ ಹತ್ತು ವರ್ಷದ ಪ್ರಾಣಿ ಪ್ರಯೋಗಗಳನ್ನೆಲ್ಲ ಗುಡ್ಡೆ ಹಾಕಿ ಲೆಕ್ಕ ಮಾಡಿತು. ಕೊಟ್ಟ ಕಣದಲ್ಲಿ ಗಡ್ಡೆ ಸೇರಿದ್ದು, ಮಧ್ಯದ ಅಂಕಿ ತೆಗೆದುಕೊಂಡರೆ, ಶೇಕಡಾ 0.7. ಅದೂ ಇಲಿಯಂಥ ಪ್ರಾಣಿಗಳಲ್ಲಿ.

ಸೀಸದ ಡಬ್ಬಿ:

ಮೇಷ್ಟ್ರೇ, 0.7ರ ಲೆಕ್ಕ ಸರಿ. ಆದರೆ ಅದಕ್ಕೇ ನಿಮ್ಮ ‘ಮುಂದಿನ ದಾರಿ’ಯನ್ನು ನಾನು ಒಪ್ಪುವುದಿಲ್ಲ. ಮೂರು ಕಣ್ಣಿನ ಕಣ ಲೇಖನ ಬರೆಯಲು ಚೆನ್ನ. ವಾರ್ಡ್‌ನಲ್ಲಿ ಯಾರು ಕೇಳುತ್ತಾರೆ? ಒಂದೇ ಪ್ರಶ್ನೆಗೆ ಮೂರು ಯಂತ್ರ ಉತ್ತರ ಕೊಟ್ಟರೆ ಪೇಷೆಂಟ್‌ಗೆ ಏನು ಸಿಕ್ಕಿತು?

ಮನುಷ್ಯರವರೆಗೆ ಬಂದವನ್ನು ನೋಡಿ. ತುಮಕೂರಿನವರ ಪ್ರಶ್ನೆಗೆ ಉತ್ತರವೂ ಇದೇ.

ಕಾರ್ನೆಲ್‌ನ ಉಲ್ರಿಕ್ ವೀಸ್ನರ್ ಮಾಡಿದ ಸಿಲಿಕಾ ಕಣ, ಸಿ-ಡಾಟ್ ಅಂತ. ಗಾತ್ರ 6-7 ನ್ಯಾನೋಮೀಟರ್. ಒಳಗೆ ಹೊಳೆಯುವ ಬಣ್ಣ, ಮೇಲೆ ಅಯೋಡಿನ್-124. ನ್ಯೂಯಾರ್ಕ್‌ನ ಮೆಮೋರಿಯಲ್ ಸ್ಲೋನ್ ಕೆಟರಿಂಗ್‌ನಲ್ಲಿ ಮಿಷೆಲ್ ಬ್ರಾಡ್‌ಬರಿ ಅವರ ತಂಡ ಹರಡಿದ ಮೆಲನೋಮಾ (ಒಂದು ಬಗೆಯ ಚರ್ಮದ ಕ್ಯಾನ್ಸರ್) ಇದ್ದ 5 ಜನರಿಗೆ ಕೊಟ್ಟಿತು. ಫಲಿತಾಂಶ 2014ರಲ್ಲಿ ಬಂತು. ಕಣ ಮೂತ್ರದಲ್ಲಿ ಹೊರಗೆ ಹೋಯಿತು, ಯಾರಿಗೂ ತೊಂದರೆ ಆಗಲಿಲ್ಲ, ಪೆಟ್‌ನಲ್ಲಿ ಕಂಡಿತು. ಆಮೇಲೆ ಅದು ಹೆಚ್ಚು ಉಪಯೋಗಕ್ಕೆ ಬಂದಿದ್ದು ಎಲ್ಲಿ ಗೊತ್ತಾ? ತಲೆ-ಕುತ್ತಿಗೆಯ ಮೆಲನೋಮಾ ಆಪರೇಷನ್‌ನಲ್ಲಿ, ಯಾವ ಲಿಂಫ್ ನೋಡ್ ತೆಗೆಯಬೇಕು ಅಂತ ಸರ್ಜನ್‌ಗೆ ಬೆಳಕಿನಲ್ಲಿ ತೋರಿಸುವುದಕ್ಕೆ.

ನನಗೆ ಇನ್ನೂ ಇಷ್ಟವಾದದ್ದು ನೆದರ್‌ಲೆಂಡ್ಸ್‌ನವರದು. ಆಲ್ಬ್ಯುಮಿನ್ ನ್ಯಾನೋ ಕಣ, ಅಂದರೆ ನಮ್ಮ ರಕ್ತದಲ್ಲೇ ಇರುವ ಪ್ರೋಟೀನ್. ಅದಕ್ಕೆ ಟೆಕ್ನೀಷಿಯಂ-99ಎಂ ಮತ್ತು ಐಸಿಜಿ ಬಣ್ಣ, ಎರಡನ್ನೂ ಅಂಟಿಸುತ್ತಾರೆ. ಪ್ರಾಸ್ಟೇಟ್ ಕ್ಯಾನ್ಸರ್‌ನಲ್ಲಿ, ಮೆಲನೋಮಾದಲ್ಲಿ ಬಳಸಿದ್ದಾರೆ. ಇದನ್ನು ರಕ್ತಕ್ಕೆ ಕೊಡುವುದೇ ಇಲ್ಲ. ಗಡ್ಡೆಯ ಹತ್ತಿರವೇ ಚುಚ್ಚುತ್ತಾರೆ. ಕಣ ಲಿಂಫ್ ನಾಳದ ಜೊತೆ ಹರಿದು ಮೊದಲ ನೋಡ್‌ನಲ್ಲಿ ಹೋಗಿ ಕೂರುತ್ತದೆ. ಲಿವರ್ ನುಂಗುವ ಗೋಳೇ ಇಲ್ಲ. ಆಪರೇಷನ್‌ಗೆ ಮೊದಲು ಗಾಮಾ ಕ್ಯಾಮೆರಾದಲ್ಲಿ ಸ್ಕ್ಯಾನ್ ಮಾಡಿದರೆ ನೋಡ್ ಎಷ್ಟು ಆಳದಲ್ಲಿದೆ ಅಂತ ತಿಳಿಯುತ್ತದೆ. ಗಾಮಾ ಕಿರಣ ಆಳದಿಂದಲೂ ಹೊರಗೆ ಬರುತ್ತದೆ, ಆದರೆ ಚಿತ್ರ ಮಸುಕು. ಮೈ ತೆರೆದ ಮೇಲೆ ಐಸಿಜಿ ಹೊಳೆಯುತ್ತದೆ. ಅದು ಆಳದಿಂದ ಕಾಣುವುದಿಲ್ಲ, ಆದರೆ ಹತ್ತಿರದಿಂದ ಕತ್ತರಿ ಎಲ್ಲಿ ಇಡಬೇಕು ಅಂತ ಸರಿಯಾಗಿ ತೋರಿಸುತ್ತದೆ.

ಇಲ್ಲಿ ಎರಡನ್ನೂ ಒಂದೇ ಕಣಕ್ಕೆ ಅಂಟಿಸಿದ್ದಕ್ಕೆ ಕಾರಣ ಇದೆ. ಬೇರೆ ಬೇರೆ ಕೊಟ್ಟರೆ ಐಸಿಜಿ ಒಂದೇ ನೋಡ್‌ನಲ್ಲಿ ನಿಲ್ಲದೆ ಮುಂದಿನ ನೋಡ್‌ಗಳಿಗೂ ಓಡಿಬಿಡುತ್ತದೆ. ಸ್ಕ್ಯಾನ್ ರೂಮಿನಲ್ಲಿ ನಾವು ಗುರುತು ಮಾಡಿದ್ದೇ ಆಪರೇಷನ್ ಟೇಬಲ್ ಮೇಲೂ ಹೊಳೆಯಬೇಕು. ಪ್ರಶ್ನೆ ಎರಡು, ಕೇಳುವ ಹೊತ್ತು ಎರಡು, ಕೇಳುವ ಜನವೂ ಬೇರೆ. ಅಂಥ ಕಡೆ ಜೋಡಿ ಕಣ ಬೇಕು. ಬೇರೆ ಕಡೆ ಎರಡು ಯಂತ್ರ ಪಕ್ಕಪಕ್ಕ ಇದ್ದರೆ ಸಾಕು, ಇದು ನನ್ನ ಅಭಿಪ್ರಾಯ. ಅಳತೆಯ ಜಗಳವೂ ಇಲ್ಲಿ ಕಡಿಮೆ. ಗಾಮಾ ಕ್ಯಾಮೆರಾಗೂ ಹೊಳೆಯುವ ಬಣ್ಣಕ್ಕೂ ಸ್ವಲ್ಪವೇ ಮದ್ದು ಸಾಕು.

ಬೀಕರ್ ಮೇಷ್ಟ್ರು:

ಐಸಿಜಿ ಓಡಿಹೋಗುವ ಮಾತು ಒಪ್ಪಿದೆ. ಆದರೆ ಒಂದು ಆಕ್ಷೇಪ. ಎಂಆರ್‌ಐಗೆ ಕಬ್ಬಿಣದ ಕಣ ಬೇಡ ಅನ್ನುವ ಹಾಗೆ ಮಾತಾಡಬೇಡಿ. 2003ರಲ್ಲಿ ಹರಿಸಿಂಘಾನಿ ಮತ್ತು ನೆದರ್‌ಲೆಂಡ್ಸ್‌ನ ಬಾರೆಂಟ್ಸ್ 80 ಪ್ರಾಸ್ಟೇಟ್ ಕ್ಯಾನ್ಸರ್ ರೋಗಿಗಳಿಗೆ ಕಬ್ಬಿಣದ ಕಣವನ್ನು ರಕ್ತದ ಮೂಲಕವೇ ಕೊಟ್ಟು ನೋಡಿದ್ದಾರೆ. ಬರೀ ಎಂಆರ್‌ಐ ಕ್ಯಾನ್ಸರ್ ಇರುವ ನೋಡ್‌ಗಳಲ್ಲಿ ಶೇಕಡಾ 35ರಷ್ಟನ್ನು ಹಿಡಿದರೆ, ಕಣ ಸೇರಿಸಿದಾಗ ಶೇಕಡಾ 90ರಷ್ಟನ್ನು ಹಿಡಿಯಿತು. ಎಷ್ಟು ಸಣ್ಣ ನೋಡ್‌ಗಳು ಗೊತ್ತಾ ಅವು! ಇಷ್ಟಾದರೂ 2007ರಲ್ಲಿ ಯುರೋಪಿನಲ್ಲಿ ಅದರ ಮಾರಾಟಕ್ಕೆ ಒಪ್ಪಿಗೆ ಕೇಳಿದ್ದ ಅರ್ಜಿ ವಾಪಸ್ ಪಡೆದರು. ಆಮೇಲೆ ನೆದರ್‌ಲೆಂಡ್ಸ್‌ನ ನೈಮೆಗನ್ ಊರಿನವರು ಹಠ ಹಿಡಿದು ಅದನ್ನು ಮತ್ತೆ ಎತ್ತಿಕೊಂಡಿದ್ದಾರೆ.

ಸೀಸದ ಡಬ್ಬಿ:

ಅದು ಒಂದೇ ಕಣ್ಣಿನ ಕಣ ಮೇಷ್ಟ್ರೇ! ನನ್ನ ವಾದಕ್ಕೇ ಸಾಕ್ಷಿ ಕೊಟ್ಟಿರಿ. ಅದೂ ಗಡ್ಡೆಗೆ ಹೋಗಲಿಲ್ಲ, ಆರೋಗ್ಯವಾಗಿರುವ ನೋಡ್‌ನ ಕೋಶಗಳೇ ನುಂಗಿದ್ದು. ಕ್ಯಾನ್ಸರ್ ಇದ್ದ ಭಾಗ ನುಂಗದೆ ಉಳಿದಿದ್ದರಿಂದ ಕಂಡಿತು.

ತುಮಕೂರಿನವರೇ, ಇನ್ನು ಆ ಜಾಹೀರಾತು. ಅವರಿಗೆ ಫೋನ್ ಮಾಡಿ ಮೈಗೆ ಕೊಡುವ ವಸ್ತುವಿನ ಹೆಸರೇನು ಅಂತ ಕೇಳಿ. ಹೆಸರು ಹೇಳದಿದ್ದರೆ ಅಲ್ಲಿಗೆ ಮುಗಿಯಿತು. ಹೊಸ ಮದ್ದಿನ ಪ್ರಯೋಗ ಅಂದರೆ ನೋಂದಣಿ ನಂಬರ್ ಕೇಳಿ. ನಮ್ಮ ದೇಶದಲ್ಲಿ 2009ರಿಂದ ಇಂಥ ಪ್ರಯೋಗಗಳನ್ನು ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿಯಲ್ಲಿ ನೋಂದಾಯಿಸಲೇಬೇಕು. ಆ ನಂಬರ್ ಹಾಕಿದರೆ ವಿವರ ಯಾರು ಬೇಕಾದರೂ ನೋಡಬಹುದು. ಪ್ರಯೋಗದ ಮದ್ದಿಗೆ ನಿಮ್ಮಿಂದಲೇ ದುಡ್ಡು ಕೇಳಿದರೆ ಆ ಕಡೆ ಹೋಗಲೇಬೇಡಿ. ಇದನ್ನು ಫ್ಯಾಮಿಲಿ ಗ್ರೂಪ್‌ನಲ್ಲಿ ಮೆತ್ತಗೆ ಹೇಳಿ, ಹಾಕಿದವರಿಗೂ ಬೇಜಾರಾಗಬಾರದು.

ಡಾಕ್ಟರ್ ಹತ್ತಿರ ನ್ಯಾನೋ ಬಗ್ಗೆ ಕೇಳುವುದಾದರೆ ಹೀಗೆ ಕೇಳಿ. ಆಪರೇಷನ್‌ವರೆಗೆ ಬಂದರೆ ಕಂಕುಳಲ್ಲಿ ಸೆಂಟಿನೆಲ್ ನೋಡ್ (ಗಡ್ಡೆಯಿಂದ ಲಿಂಫ್ ಮೊದಲು ಹರಿದು ಸೇರುವ ನೋಡ್) ಪರೀಕ್ಷೆ ಮಾಡುತ್ತೀರಾ, ಅದಕ್ಕೆ ನೀಲಿ ಬಣ್ಣವೋ, ಟೆಕ್ನೀಷಿಯಂ ಕೊಲಾಯ್ಡೋ, ಐಸಿಜಿಯೋ ಅಂತ. ಟೆಕ್ನೀಷಿಯಂ ಅಂಟಿಸಿದ ಆ ಸಲ್ಫರ್ ಕೊಲಾಯ್ಡ್ ಕೂಡ ನ್ಯಾನೋ ಗಾತ್ರದ ಕಣವೇ. ನಾವು ಅದನ್ನು ಎಷ್ಟೋ ವರ್ಷದಿಂದ ಕೊಡುತ್ತಿದ್ದೇವೆ. ಯಾರೂ ಸುದ್ದಿ ಮಾಡಲಿಲ್ಲ ಅಷ್ಟೇ.

ತುಮಕೂರಿನವ:

ಜಾಹೀರಾತಿನವರಿಗೆ ಫೋನ್ ಮಾಡಿದೆ ಮೇಡಂ. ವಸ್ತುವಿನ ಹೆಸರು ಕೇಳಿದ್ದಕ್ಕೆ ‘ನೀವು ಮೊದಲು ಬನ್ನಿ, ಇಲ್ಲಿ ಎಲ್ಲ ಹೇಳುತ್ತೇವೆ’ ಅಂದರು. ಬಿಟ್ಟೆ. ದೊಡ್ಡಮ್ಮ ಎಂಆರ್‌ಐಗೆ ಒಪ್ಪಿದ್ದಾರೆ. ಗುರುವಾರ ಬೆಳಗ್ಗೆ ಟೈಮ್ ಕೊಟ್ಟಿದ್ದಾರೆ, ಬೇರೆ ಸೆಂಟರ್‌ನಲ್ಲಿ. ಏನಾದರೂ ತೆಗೆದುಕೊಂಡು ಹೋಗಬೇಕಾ?

ಸೀಸದ ಡಬ್ಬಿ:

ಪೆಟ್ ಸಿಟಿಯ ಸಿಡಿ ತೆಗೆದುಕೊಂಡು ಹೋಗಿ. ರಿಪೋರ್ಟ್ ಮಾತ್ರ ಅಲ್ಲ, ಫಿಲ್ಮ್ ಮಾತ್ರ ಅಲ್ಲ, ಸಿಡಿ. ಬೇರೆ ಸೆಂಟರ್ ಆಗಿದ್ದರಿಂದ ಅವರ ಕಂಪ್ಯೂಟರ್‌ನಲ್ಲಿ ನಿಮ್ಮ ಪೆಟ್ ಇರುವುದಿಲ್ಲ. ಸಿಡಿ ಇದ್ದರೆ ರೇಡಿಯಾಲಜಿಸ್ಟ್ ಎರಡನ್ನೂ ಪಕ್ಕಪಕ್ಕ ಹಾಕಿ, ಬೇಕಿದ್ದರೆ ಒಂದರ ಮೇಲೊಂದು ಕೂರಿಸಿ, ಅದೇ ಚುಕ್ಕೆಯನ್ನೇ ನೋಡುತ್ತಿದ್ದೇನೆ ಅಂತ ಖಾತ್ರಿ ಮಾಡಿಕೊಳ್ಳಬಹುದು. ಜೊತೆಗೆ ಇತ್ತೀಚಿನ ಕ್ರಿಯಾಟಿನಿನ್ ರಿಪೋರ್ಟ್ ಇರಲಿ, ಕಾಂಟ್ರಾಸ್ಟ್ ಕೊಡುವ ಮೊದಲು ಕಿಡ್ನಿ ನೋಡುತ್ತಾರೆ. ಮೈಯಲ್ಲಿ ಪೇಸ್‌ಮೇಕರ್, ಕ್ಲಿಪ್, ರಾಡ್ ಏನಾದರೂ ಇದ್ದರೆ ಮೊದಲೇ ಹೇಳಿ. ಬಳೆ, ತಾಳಿ, ಓಲೆ ಮನೆಯಲ್ಲೇ ಬಿಚ್ಚಿಟ್ಟು ಹೋದರೆ ಒಳ್ಳೆಯದು. ಅಲ್ಲಿ ಬಾಗಿಲ ಹತ್ತಿರ ನಿಂತು ಬಿಚ್ಚುವುದಕ್ಕೆ ಹಿರಿಯರಿಗೆ ಬಹಳ ಮುಜುಗರ ಆಗುತ್ತದೆ.

ಕಡೂರು ಕಾಫಿ:

ದೊಡ್ಡಮ್ಮನಿಗೆ ಬೇಗ ಹುಷಾರಾಗಲಿ. ಎದೆಯ ನೋಡ್‌ದು ಟಿಬಿನೇ ಆಗಿರಲಿ ಅಂತ ಹಾರೈಸುವ ಕಾಲ ಬಂತಲ್ಲ ಮಾರಾಯ್ರೇ.